ಸವಾರ ಬಿದ್ದದ್ದು ಸರಿ, ಹಿಂದಿನ ಗಾಡಿ ಎಷ್ಟು ದೂರ ಇತ್ತು?

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಬರುತ್ತದೆ. ಊರಿನ ಹೆಸರು ಬದಲಾಗುತ್ತದೆ, ಸತ್ತವರ ವಯಸ್ಸು ಬದಲಾಗುತ್ತದೆ, ಉಳಿದದ್ದೆಲ್ಲ ಅದೇ. ಬೈಕ್ ಸ್ಕಿಡ್ ಆಗಿ ಕೆಳಗೆ ಬಿದ್ದ ಸವಾರನ ಮೇಲೆ ಹಿಂದಿನಿಂದ ಬಂದ ಲಾರಿ ಹರಿದು ಸ್ಥಳದಲ್ಲೇ ಸಾವು. ಗುಂಡಿ ಎಷ್ಟು ಆಳ ಇತ್ತು ಅಂತ ಬರೆಯುತ್ತೀರಿ, ಹೆಲ್ಮೆಟ್ ಇತ್ತೋ ಇಲ್ಲವೋ ಬರೆಯುತ್ತೀರಿ, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಯಿತು ಅಂತಲೂ ಬರೆಯುತ್ತೀರಿ. ಆ ಲಾರಿಯೋ ಕಾರೋ ಬೈಕಿನಿಂದ ಎಷ್ಟು ದೂರದಲ್ಲಿ ಬರುತ್ತಿತ್ತು ಅನ್ನುವುದನ್ನು ಮಾತ್ರ ನಾನು ಇವತ್ತಿನವರೆಗೆ ಓದಿಲ್ಲ. 'ಹಿಂದಿನಿಂದ ಬಂದ' ಅಂದರೆ ಮುಗೀತು, ಮಳೆ ಬಂದ ಹಾಗೆ ಅದೂ ತಾನಾಗಿಯೇ ಬಂದುಬಿಟ್ಟಿತು.

ನಾನು ಲಾರಿಯವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಆ ಸುದ್ದಿಯಲ್ಲಿ ನಾನೇ ಬರಬೇಕಿತ್ತು. ಸ್ವಲ್ಪದರಲ್ಲಿ ತಪ್ಪಿತು.

ಕಳೆದ ಮಳೆಗಾಲ. ತುಮಕೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗುತ್ತಿದ್ದೆ. ದಾಬಸ್‌ಪೇಟೆ ದಾಟಿದ ಮೇಲೆ ಸಣ್ಣಗೆ ಹನಿ ಶುರುವಾಗಿತ್ತು, ರಸ್ತೆ ಪೂರ್ತಿ ನೆಂದಿರಲಿಲ್ಲ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಸ್ಪೀಡು 70ರ ಆಸುಪಾಸು. ಮುಂದೆ ಬೈಕಿನಲ್ಲಿ ಒಬ್ಬ ಹುಡುಗ, ಬೆನ್ನಿಗೆ ಬ್ಯಾಗು, ತಲೆಗೆ ಒಳ್ಳೆಯ ಹೆಲ್ಮೆಟ್, ಅವನ ಪಾಡಿಗೆ ನೆಟ್ಟಗೆ ಹೋಗುತ್ತಿದ್ದ. ನನಗೂ ಅವನಿಗೂ ನಡುವೆ ಎಷ್ಟು ಅಂತರ ಅಂತ ಕೇಳಿದರೆ, ನಿಜ ಹೇಳುತ್ತೇನೆ, ಎರಡು ಕಾರು ಹಿಡಿಸುವಷ್ಟು. ನಾವೆಲ್ಲ ಹೋಗುವುದೇ ಹಾಗೆ ಅಲ್ವಾ. ಅವನ ಹಿಂದಿನ ಚಕ್ರ ಒಂದು ಸಲ ಬಾಲ ಅಲ್ಲಾಡಿಸಿದಂತೆ ಆಯಿತು. ಆಮೇಲೆ ನೋಡಿದಾಗ ಅಲ್ಲಿ ಯಾವುದೋ ಗಾಡಿಯ ಡೀಸೆಲ್ ಚೆಲ್ಲಿತ್ತು. ಬೈಕ್ ಮಲಗಿತು, ಹುಡುಗ ಬೈಕಿನಿಂದ ಬೇರೆಯಾದ, ಬ್ಯಾಗು ಹೆಗಲಿನಿಂದ ಕಿತ್ತುಕೊಂಡು ಇನ್ನೊಂದು ಕಡೆ ಹೋಯಿತು. ಮೂರೂ ನನ್ನ ಮುಂದೆ ಜಾರುತ್ತಾ ಹೋಗುತ್ತಿವೆ.

ಆಗ ನನ್ನ ಕಾಲಿಗಿಂತ ಕೈ ಮೊದಲು ಕೆಲಸ ಮಾಡಿತು. ಸ್ಟಿಯರಿಂಗನ್ನು ಬಲಕ್ಕೆ ಎಳೆದೆ. ಬಲಗಡೆ ಲೇನಿನಲ್ಲಿ ಏನಿದೆ ಅಂತ ಕನ್ನಡಿ ನೋಡಲಿಲ್ಲ. ಅಲ್ಲಿ ಬಸ್ಸಿತ್ತು. ಅದರ ಹಾರ್ನು ಈಗಲೂ ಕಿವಿಯಲ್ಲಿದೆ. ನನ್ನ ಕಾರಿನ ಹಿಂಭಾಗ ಜಾರಿತು, ಹೇಗೋ ನೆಟ್ಟಗಾಯಿತು, ನಿಂತಿತು. ಹುಡುಗ ಎಡಕ್ಕೆ ಜಾರಿ ರಸ್ತೆ ಅಂಚಿನ ಬಿಳಿ ಗೆರೆಯ ಹತ್ತಿರ ಬಿದ್ದಿದ್ದ. ಅವನು ಎಡಕ್ಕೆ ಜಾರಿದ್ದು ನನ್ನ ಪುಣ್ಯ, ಬಲಕ್ಕೆ ಜಾರಿದ್ದರೆ ನಾನು ತಪ್ಪಿಸಲು ಹೋಗಿ ಅವನ ಮೇಲೇ ಹೋಗುತ್ತಿದ್ದೆ. ನೋಡಿದವರು 'ಒಳ್ಳೆ ಕಂಟ್ರೋಲ್ ಮಾಡಿದ್ರಿ ಸಾರ್' ಅಂದರು. ಎಂಥ ಕಂಟ್ರೋಲು, ಮಣ್ಣು.

ನಿಜಕ್ಕೂ ಆ ಹುಡುಗನನ್ನು ಕಾಪಾಡಿದ್ದು ನನ್ನ ಹಿಂದೆ ಬರುತ್ತಿದ್ದ ಲಾರಿ. ನಾನು ಬಲಕ್ಕೆ ಹಾರಿದ ಮೇಲೆ ಆ ಲೇನಿನಲ್ಲಿ ಉಳಿದದ್ದು ಅದೊಂದೇ. ಅದು ನೆಟ್ಟಗೆ ಬಂದು, ನೆಟ್ಟಗೆ ಬ್ರೇಕ್ ಹಾಕಿ, ಹುಡುಗನಿಗಿಂತ ಸಾಕಷ್ಟು ಹಿಂದೆಯೇ ನಿಂತಿತು. ಆಮೇಲೆ ಡ್ರೈವರ್ ಗಾಡಿಯನ್ನು ಸ್ವಲ್ಪ ಓರೆಯಾಗಿ ಮುಂದೆ ತಂದು, ಹಿಂದಿನವರು ಯಾರೂ ನುಗ್ಗದ ಹಾಗೆ ಅಡ್ಡ ನಿಲ್ಲಿಸಿ, ಎರಡೂ ಕಡೆ ಇಂಡಿಕೇಟರ್ ಹಾಕಿ ಇಳಿದರು. ಐವತ್ತರ ಮೇಲಿನವರು, ಹಾಸನದ ಕಡೆಯವರು. ನನ್ನ ಕೈ ನಡುಗುತ್ತಿತ್ತು. ಅಷ್ಟು ಭಾರದ ಗಾಡಿ ಹೇಗೆ ನಿಲ್ಲಿಸಿದ್ರಿ ಯಜಮಾನ್ರೇ ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು: "ನಾನು ಬೈಕ್ ಹಿಂದೆ ಹೋಗುವಾಗ ಇವನು ಈಗ ಬೀಳ್ತಾನೆ ಅಂತಲೇ ಹೋಗ್ತೀನಿ ಸಾರ್. ನಿಮ್ಮ ಹಿಂದೆ ಹೋಗುವಾಗಲೂ ಅಷ್ಟೇ, ಈಗ ಏನೋ ಮಾಡ್ತಾರೆ ಅಂತ."

ಮನೆಗೆ ಬಂದು ಲೆಕ್ಕ ಹಾಕಿದೆ. ಶಾಲೆಯ ಗಣಿತವೇ ಸಾಕು. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕಂಡು, ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡು. ಅಂದರೆ 17ರಿಂದ 25 ಮೀಟರ್ ದೂರ ಗಾಡಿ ಏನೂ ಆಗಿಲ್ಲ ಅನ್ನುವ ಹಾಗೆ ಹೋಗಿರುತ್ತದೆ. ಆಮೇಲೆ ಪೂರ್ತಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಒಳ್ಳೆಯ ಟೈರಿನ ಕಾರಿಗೆ ಇನ್ನೊಂದು 20 ಮೀಟರ್ ಬೇಕು. ಒಟ್ಟು 40 ಮೀಟರ್ ಅಂತಿಟ್ಟುಕೊಳ್ಳಿ. ಒದ್ದೆ ರಸ್ತೆಯಲ್ಲಿ ಇನ್ನೂ ಜಾಸ್ತಿ. ಎರಡು ಕಾರಿನ ಅಂತರ ಅಂದರೆ ಹತ್ತೇ ಮೀಟರ್, ಅದರಲ್ಲಿ ನಾನು ಏನು ಮಾಡಲು ಸಾಧ್ಯವಿತ್ತು? ಕಾಲು ಬ್ರೇಕ್ ಮುಟ್ಟುವ ಮೊದಲೇ ಆ ಹತ್ತು ಮೀಟರ್ ಮುಗಿದಿರುತ್ತಿತ್ತು.

ಇಲ್ಲಿ ಒಂದು ಸಮಾಧಾನದ ವಿಷಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಬಿದ್ದ ಸವಾರ ಗೂಟ ಹೊಡೆದ ಹಾಗೆ ಬಿದ್ದಲ್ಲೇ ನಿಲ್ಲುವುದಿಲ್ಲ. ಅವನೂ ಜಾರುತ್ತಾ ಮುಂದೆ ಹೋಗುತ್ತಾನೆ. ಡಾಂಬರಿನ ಮೇಲೆ ಬಟ್ಟೆ, ಮೈ ಉಜ್ಜಿಕೊಂಡು ನಿಲ್ಲುವುದಕ್ಕೆ 60ರ ವೇಗದಲ್ಲಿ ಅವನಿಗೂ ಹೆಚ್ಚುಕಡಿಮೆ 20 ಮೀಟರ್ ಹಿಡಿಯುತ್ತದೆ. ಅಂದರೆ ಅವನು ಜಾರಿ ನಿಲ್ಲುವುದೂ ನಿಮ್ಮ ಕಾರು ಪೂರ್ತಿ ಬ್ರೇಕಿನಲ್ಲಿ ನಿಲ್ಲುವುದೂ ಹತ್ತಿರ ಹತ್ತಿರ ಒಂದೇ ಲೆಕ್ಕ. ನಿಮಗೆ ಕಡಿಮೆ ಬೀಳುವುದು ಆ ಮೊದಲಿನ ಒಂದೂವರೆ ಸೆಕೆಂಡು ಮಾತ್ರ. ಆ ಒಂದೂವರೆ ಸೆಕೆಂಡಿನ ದೂರವನ್ನು ಮೊದಲೇ ಕೊಟ್ಟಿದ್ದರೆ ಸ್ಟಿಯರಿಂಗ್ ಮುಟ್ಟುವ ಅಗತ್ಯವೇ ಇಲ್ಲ, ನೆಟ್ಟಗೆ ಬ್ರೇಕ್ ಒತ್ತಿದರೆ ಸಾಕು. ಅವನು ಡಿವೈಡರಿಗೆ ಹೊಡೆದು ತಟ್ಟನೆ ನಿಂತರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ಇನ್ನೂ ಸ್ವಲ್ಪ ಸೇರಿಸಿ ಎರಡು ಸೆಕೆಂಡು, ಮಳೆಯಲ್ಲಿ ನಾಲ್ಕು ಅನ್ನುವುದು. ಎಣಿಸುವುದು ಸುಲಭ. ಮುಂದಿನ ಬೈಕ್ ಒಂದು ಕಂಬ ದಾಟಿದ ಕೂಡಲೇ ಶುರು ಮಾಡಿ. 'ಶ್ರೀ ಗಣೇಶಾಯ ನಮಃ' ಅಂತ ನಿಧಾನಕ್ಕೆ ಹೇಳಿದರೆ ಒಂದು ಸೆಕೆಂಡು ಚಿಲ್ಲರೆ. ಎರಡು ಸಲ ಹೇಳಿ ಮುಗಿಸುವ ಮೊದಲೇ ನೀವು ಆ ಕಂಬಕ್ಕೆ ಬಂದರೆ ಹತ್ತಿರ ಇದ್ದೀರಿ ಅಂತ ಅರ್ಥ. ಹೇಗೂ ಡ್ಯಾಶ್‌ಬೋರ್ಡ್ ಮೇಲೆ ಗಣೇಶ ಕೂತಿರುತ್ತಾನೆ, ಅವನಿಗೂ ಒಂದು ಕೆಲಸ.

ಇದನ್ನು ಹೇಳಿದರೆ ಎಲ್ಲರೂ ಹೇಳುವ ಮಾತು ಒಂದೇ: ನಮ್ಮ ರಸ್ತೆಯಲ್ಲಿ ಗ್ಯಾಪ್ ಬಿಟ್ಟರೆ ಇನ್ನೊಬ್ಬ ತೂರಿಕೊಳ್ಳುತ್ತಾನೆ ಸ್ವಾಮಿ. ತೂರಿಕೊಳ್ಳಲಿ ಬಿಡಿ. ಅವನ ಹಿಂದೆ ಮತ್ತೆ ಎರಡು ಸೆಕೆಂಡು ಸರಿಯಿರಿ. ತುಮಕೂರಿನಿಂದ ಬೆಂಗಳೂರಿಗೆ ಹೋಗುವಷ್ಟರಲ್ಲಿ 30 ಜನ ತೂರಿಕೊಂಡರು ಅಂದುಕೊಳ್ಳಿ, ನಿಮಗೆ ಹೋದದ್ದು ಒಂದು ನಿಮಿಷ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ನಿಲ್ಲುತ್ತೀರಿ.

ಸರಿ, ಅಂತರ ಇತ್ತೋ ಇಲ್ಲವೋ, ಬಿದ್ದೇಬಿಟ್ಟ. ಈಗ ಏನು ಮಾಡುವುದು? ಮೊದಲು ಬ್ರೇಕು. ಪೂರ್ತಿ. ಸ್ಟಿಯರಿಂಗ್ ನೆಟ್ಟಗೆ. ಯಾಕೆ ನೆಟ್ಟಗೆ ಅಂದರೆ, ನಾನು ಕಂಡ ಹಾಗೆ ಬಿದ್ದವನು ಒಂದು ವಸ್ತುವಲ್ಲ. ಬೈಕ್ ಒಂದು ಕಡೆ, ಸವಾರ ಒಂದು ಕಡೆ, ಹಿಂದೆ ಕೂತವರು ಇದ್ದರೆ ಅವರು ಮತ್ತೊಂದು ಕಡೆ. ನಮ್ಮ ಕಣ್ಣು ಹೋಗುವುದು ದೊಡ್ಡದಾಗಿ ಕಾಣುವ, ಕಿಡಿ ಹಾರಿಸುವ ಬೈಕಿನ ಕಡೆಗೆ. ಬೈಕ್ ತಪ್ಪಿಸಲು ತಿರುಗಿಸಿದರೆ ಅಲ್ಲಿ ಮನುಷ್ಯ ಇರುತ್ತಾನೆ. ಜೊತೆಗೆ ನಮ್ಮ ರಸ್ತೆಯಲ್ಲಿ ಎಡಕ್ಕೂ ಬಲಕ್ಕೂ ಯಾವಾಗಲೂ ಇನ್ನೊಂದು ಸ್ಕೂಟರ್ ಇದ್ದೇ ಇರುತ್ತದೆ. ಒಬ್ಬನನ್ನು ಉಳಿಸಲು ಹೋಗಿ, ಬೀಳದೇ ಇದ್ದ ಇಬ್ಬರನ್ನು ಕೆಡವುವುದು. ಬ್ರೇಕ್ ಒತ್ತಿಯೇ ಇದ್ದು, ವೇಗ ಇಳಿದು, ಪಕ್ಕದಲ್ಲಿ ಖಾಲಿ ಜಾಗ ಇದೆ ಅಂತ ಖಂಡಿತ ಗೊತ್ತಿದ್ದರೆ ಆಗ ಸ್ವಲ್ಪ ತಿರುಗಿಸಿ. ಅದೂ ಅವನು ಜಾರಿ ಹೋಗುತ್ತಿರುವ ಕಡೆಗಲ್ಲ, ಅವನು ಬಿಟ್ಟು ಹೋದ ಕಡೆಗೆ. ಕಣ್ಣೂ ಆ ಖಾಲಿ ಜಾಗದ ಮೇಲಿರಲಿ, ಯಾಕೆಂದರೆ ನೋಡಿದ ಕಡೆಗೇ ಕೈ ಹೋಗುತ್ತದೆ.

ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಅದರ ಬಗ್ಗೆ ಒಂದು ಮಾತು. 2019ರ ಏಪ್ರಿಲ್ ನಂತರ ಬಂದ ಕಾರುಗಳಿಗೆಲ್ಲ ಅದು ಕಡ್ಡಾಯ. ಆದರೆ ಅದು ಕೆಲಸ ಮಾಡುವಾಗ ಪೆಡಲ್ ಕಾಲಿಗೆ ಗಡಗಡ ಅಂತ ಗುದ್ದುತ್ತದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಏನೋ ಮುರೀತು ಅಂತ ಹೆದರಿ ಕಾಲು ಎತ್ತುತ್ತಾರೆ. ಎತ್ತಬೇಡಿ. ಅದು ಗುದ್ದುತ್ತಿದೆ ಅಂದರೆ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತಿದೆ, ಹಾಗಾಗಿಯೇ ಬ್ರೇಕ್ ಒತ್ತಿಕೊಂಡೂ ತಿರುಗಿಸಲು ಆಗುತ್ತದೆ. ಹಳೆಯ ಗಾಡಿಯಾದರೆ ಚಕ್ರ ಲಾಕ್ ಆಗಿ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ನೆಟ್ಟಗೇ ಜಾರುತ್ತದೆ, ತಿರುಗಬೇಕಾದರೆ ಬ್ರೇಕ್ ಸ್ವಲ್ಪ ಸಡಿಲಿಸಲೇಬೇಕು. ಒಂದು ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಹೋಗಿ, ಹಿಂದೆ ಯಾರೂ ಇಲ್ಲದಾಗ, 40ರಲ್ಲಿ ಜೋರಾಗಿ ಬ್ರೇಕ್ ತುಳಿದು ನೋಡಿ. ನಾನು 19 ವರ್ಷ ಕಾರು ಓಡಿಸಿದ ಮೇಲೆ ಇದನ್ನು ಮೊದಲ ಸಲ ಮಾಡಿದ್ದು. ಹೆಂಡತಿ ನಕ್ಕಳು, ಆಮೇಲೆ ಅವಳೂ ಮಾಡಿದಳು.

ಇನ್ನೊಂದು ಭ್ರಮೆ ಇದೆ. ಬಿದ್ದವನನ್ನು ಕಾರಿನ ಎರಡು ಚಕ್ರದ ನಡುವೆ ಬಿಟ್ಟುಕೊಂಡು ದಾಟಿಸಿದರೆ ಏನೂ ಆಗಲ್ಲ ಅಂತ. ಸಣ್ಣ ಕಾರಿನ ಹೊಟ್ಟೆಗೂ ರಸ್ತೆಗೂ ನಡುವೆ ಇರುವುದು ಸುಮಾರು 17 ಸೆಂ.ಮೀ. ಒಂದು ಗೇಣಿಗಿಂತ ಕಡಿಮೆ. ಮಲಗಿದ ಮನುಷ್ಯನ ಎದೆ ಅದಕ್ಕಿಂತ ಎತ್ತರ, ಹೆಲ್ಮೆಟ್ಟಂತೂ ಕೇಳಲೇಬೇಡಿ. ಡಿಕ್ಕಿ ತಪ್ಪಿಸಲು ಆಗುವುದೇ ಇಲ್ಲ ಅನಿಸಿದರೂ ಬ್ರೇಕಿನ ಮೇಲಿನ ಕಾಲು ತೆಗೆಯಬಾರದು. 60 ಇದ್ದದ್ದು 30ಕ್ಕೆ ಇಳಿದರೆ ಹೊಡೆತದ ಜೋರು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಒಂದು ಜೀವ ಉಳಿಯಬಹುದು.

'ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನವನು ನನಗೆ ಗುದ್ದುತ್ತಾನಲ್ಲ?' ಗುದ್ದಲಿ. ನಿಮ್ಮ ಹಿಂದೆ ಸಾಮಾನಿಡುವ ಡಿಕ್ಕಿ ಇದೆ, ಬಂಪರ್ ಇದೆ, ನಿಮಗೆ ಸೀಟ್ ಬೆಲ್ಟ್ ಇದೆ, ಗಾಡಿಗೆ ಇನ್ಶೂರೆನ್ಸ್ ಇದೆ. ಬಿದ್ದವನಿಗೆ ಒಂದು ಶರಟು ಇದೆ.

ಲಾರಿ, ಬಸ್ಸಿನವರ ಕಷ್ಟ ಬೇರೆ, ಒಪ್ಪುತ್ತೇನೆ. ಏರ್ ಬ್ರೇಕಿನಲ್ಲಿ ಪೆಡಲ್ ಒತ್ತಿದ ತಕ್ಷಣ ಚಕ್ರ ಹಿಡಿಯುವುದಿಲ್ಲ, ಗಾಳಿ ಅಲ್ಲಿಯವರೆಗೆ ತಲುಪಬೇಕು. ಲೋಡು ಇದ್ದಾಗ ಗಕ್ಕನೆ ತಿರುಗಿಸಿದರೆ ಗಾಡಿಯೇ ಮಗುಚುತ್ತದೆ. ಅದಕ್ಕೇ ಆ ಹಾಸನದ ಯಜಮಾನರು ಅಷ್ಟು ಹಿಂದೆ ಇದ್ದದ್ದು. ಅವರಿಗೆ ತಮ್ಮ ಗಾಡಿ ಗೊತ್ತು. ನಮ್ಮಂಥ ಕಾರಿನವರಿಗೆ ನಮ್ಮ ಗಾಡಿಯೇ ಗೊತ್ತಿಲ್ಲ.

ಘಾಟಿಯಲ್ಲಿ ಓಡಿಸುವವರಿಗೆ ಒಂದು ವಿಷಯ ಹೇಳಬೇಕು. ಚಾರ್ಮಾಡಿ, ಶಿರಾಡಿ, ಆಗುಂಬೆ ಎಲ್ಲಿಯಾದರೂ ಸರಿ, ಎದುರಿನಿಂದ ಬರುವ ಬೈಕ್ ತನ್ನ ಎಡ ತಿರುವಿನಲ್ಲಿ ಜಾರಿದರೆ ಅದು ತಿರುವಿನ ಹೊರಕ್ಕೆ ಹೋಗುತ್ತದೆ, ಅಂದರೆ ನೇರ ನಿಮ್ಮ ದಾರಿಗೆ. ಅವನ ಎಡ ತಿರುವು ನಿಮಗೆ ಬಲ ತಿರುವು. ಹಾಗಾಗಿ ಮಳೆಗಾಲದಲ್ಲಿ ಬಲ ತಿರುವು ಬಂತು ಅಂದರೆ ಮೊದಲೇ ವೇಗ ಇಳಿಸಿ, ಎಡ ಅಂಚಿಗೆ ಹತ್ತಿರ ಇರಿ. ನಾವು ಮಾಡುವುದು ತದ್ವಿರುದ್ಧ, ಬಲ ತಿರುವಿನಲ್ಲಿ ನಡುಗೆರೆ ದಾಟಿ ಶಾರ್ಟ್‌ಕಟ್ ಹೊಡೆಯುತ್ತೇವೆ.

ಯಾರು ಬೀಳಬಹುದು ಅಂತ ಮೊದಲೇ ಗೊತ್ತಾಗುವುದೂ ಉಂಟು. ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಿದ ಬೈಕು, ಚಕ್ರದ ಹತ್ತಿರ ಹಾರಾಡುವ ಸೆರಗು, ಎತ್ತಲು ಮರೆತ ಸೈಡ್ ಸ್ಟ್ಯಾಂಡು, ನಡುವೆ ಮಗು ನಿದ್ದೆ ಮಾಡುತ್ತಿರುವುದು. ರಸ್ತೆಯೂ ಹೇಳುತ್ತದೆ. ಟಿಪ್ಪರಿನಿಂದ ಉದುರಿದ ಜಲ್ಲಿ, ಎಂ ಸ್ಯಾಂಡು, ಒದ್ದೆಯಾದ ಮ್ಯಾನ್‌ಹೋಲ್ ಮುಚ್ಚಳ, ಫ್ಲೈಓವರಿನ ಕಬ್ಬಿಣದ ಜಾಯಿಂಟು. ನಮ್ಮ ಕಡೆ ಇನ್ನೊಂದು ಇದೆ, ಒಕ್ಕಣೆ. ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿ ತಂದು ಟಾರು ರಸ್ತೆ ಮೇಲೆ ಹರಡುತ್ತಾರೆ, ಗಾಡಿಗಳೇ ತುಳಿದು ಕಾಳು ಬಿಡಿಸಲಿ ಅಂತ. ಹುರುಳಿ ಸೊಪ್ಪಿನ ಮೇಲೆ ಬೈಕ್ ಬ್ರೇಕ್ ಹಿಡಿದರೆ ಸಾಬೂನಿನ ಮೇಲೆ ಕಾಲಿಟ್ಟ ಹಾಗೆ. ರೈತರಿಗೆ ಕಣ ಮಾಡಲು ಜಾಗ ಇಲ್ಲ, ಆಳು ಸಿಗುವುದಿಲ್ಲ, ನನಗೂ ಗೊತ್ತು, ನಮ್ಮ ಮನೆಯಲ್ಲೂ ಹಾಕಿದ್ದಾರೆ. ಪಂಚಾಯಿತಿಗೊಂದು ಕಣ ಕಟ್ಟಿಸಿಕೊಡುವುದು ಬಿಟ್ಟು ಸುಮ್ನೆ ಕೇಸು ಹಾಕುತ್ತೇವೆ ಅಂತ ಬೆದರಿಸಿದರೆ ಅದು ನಿಲ್ಲುವುದಿಲ್ಲ. ಅಲ್ಲಿಯವರೆಗೆ ಹಾಸು ಕಂಡ ಕೂಡಲೇ ಮುಂದಿನ ಬೈಕಿನಿಂದ ಹಿಂದೆ ಸರಿಯಿರಿ.

ಇದನ್ನೆಲ್ಲ ನಮಗೆ ಕಲಿಸಬೇಕಾದವರು ಯಾರು? ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಓದಿ ನೋಡಿ. ಲೈಸೆನ್ಸ್ ಪರೀಕ್ಷೆಯಲ್ಲಿ ತುರ್ತಾಗಿ ಗಾಡಿ ನಿಲ್ಲಿಸುವುದನ್ನೂ ನೋಡಬೇಕು ಅಂತ ಅದರಲ್ಲೇ ಇದೆ. ನನ್ನ ಪರೀಕ್ಷೆ ನಡೆದದ್ದು ಮೂರು ನಿಮಿಷ. ಮುಂದೆ ಹೋಗು, ಹಿಂದೆ ಬಾ, ಸಹಿ ಹಾಕು. ಕಲಿಸಿದ ಡ್ರೈವಿಂಗ್ ಸ್ಕೂಲಿನವರು ಜೋರಾಗಿ ಬ್ರೇಕ್ ಹಾಕಿದರೆ ಬೈಯುತ್ತಿದ್ದರು, ಟೈರ್ ಸವೆಯುತ್ತದೆ ಅಂತ.

ಗಾಡಿ ನಿಂತ ಮೇಲಿನ ವಿಷಯವೂ ಸ್ವಲ್ಪ ಹೇಳಿಬಿಡುತ್ತೇನೆ. ಹಜಾರ್ಡ್ ಲೈಟ್ ಹಾಕಿ, ಬಿದ್ದವನ ಹಿಂದೆ ನಿಮ್ಮ ಗಾಡಿಯೇ ಗೋಡೆಯಾಗಿ ನಿಲ್ಲಲಿ, ಯಾರಾದರೂ ಒಬ್ಬರು ಸಾಕಷ್ಟು ಹಿಂದೆ ಹೋಗಿ ಅಂಚಿನಲ್ಲಿ ನಿಂತು ಕೈ ಬೀಸಲಿ. ಮನುಷ್ಯ ಗಾಡಿಯ ಕೆಳಗೇ ಇದ್ದರೆ ಎಂಜಿನ್ ಆಫ್ ಮಾಡಿ, ಗಾಬರಿಯಲ್ಲಿ ರಿವರ್ಸ್ ಹಾಕಬೇಡಿ. 108, ಇಲ್ಲವಾದರೆ 112, ರಾಷ್ಟ್ರೀಯ ಹೆದ್ದಾರಿಯಾದರೆ 1033. ಕೈಕಾಲು ಹಿಡಿದು ಮೂಟೆ ಎತ್ತಿದ ಹಾಗೆ ಎತ್ತಬಾರದು, ಬೆನ್ನುಮೂಳೆ ಹೋಗುತ್ತದೆ. ಸರಿಯಾಗಿ ಉಸಿರಾಡುತ್ತಿದ್ದರೆ ಹೆಲ್ಮೆಟ್ ಕೀಳಲು ಹೋಗಬೇಡಿ, ಮುಂದಿನ ಗಾಜು ಎತ್ತಿ ಸಾಕು. ನೀರು ಕುಡಿಸಬೇಡಿ. ಆವತ್ತು ಐದು ಜನ ಐದು ಬಾಟಲಿ ಹಿಡಿದುಕೊಂಡು ಬಂದಿದ್ದರು, ಲಾರಿ ಯಜಮಾನರು ಎಲ್ಲರನ್ನೂ ಗದರಿ ಕಳಿಸಿದರು. ರಕ್ತ ಬರುವ ಕಡೆ ಬಟ್ಟೆ ಒತ್ತಿ ಹಿಡಿದು, ಹುಡುಗನ ಹತ್ತಿರ ಊರು ಯಾವುದು ಅಂತ ಮಾತಾಡುತ್ತಾ ಕೂತರು.

ಜನ ಹೊಡೆಯುತ್ತಾರೆ ಅಂತ ಓಡಿಹೋಗುವವರ ಭಯ ಸುಳ್ಳಲ್ಲ. ಕಾನೂನಿಗೂ ಅದು ಗೊತ್ತು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಹೊಣೆ ಅನ್ನುತ್ತದೆ. ಜನರ ಸಿಟ್ಟಿನಿಂದ ಅದು ಸಾಧ್ಯವಾಗದಿದ್ದರೆ ಅಂತ ಒಂದು ವಿನಾಯಿತಿಯನ್ನೂ ಅದೇ ಸೆಕ್ಷನ್ ಇಟ್ಟಿದೆ, ಆದರೆ ಪೊಲೀಸರಿಗೆ ತಿಳಿಸಲೇಬೇಕು. ಸಹಾಯಕ್ಕೆ ಬಂದವರಿಗೆ 2019ರ ತಿದ್ದುಪಡಿಯ 134ಎ ರಕ್ಷಣೆ ಇದೆ, ಹೆಸರು ಹೇಳು ಅಂತ ಅವರನ್ನು ಬಲವಂತ ಮಾಡುವ ಹಾಗಿಲ್ಲ. ನಮ್ಮ ರಾಜ್ಯದ್ದೇ ಕಾಯ್ದೆಯೂ ಇದೆ. ಆದರೂ ಆವತ್ತು ಮೊದಲ ಹತ್ತು ನಿಮಿಷ ಮುಟ್ಟಿದವರು ಆ ಡ್ರೈವರ್ ಒಬ್ಬರೇ, ಉಳಿದವರು ವಿಡಿಯೊ ತೆಗೆಯುತ್ತಿದ್ದರು. ನಾನು ನನ್ನ ಕಾರಿನ ಬಾಗಿಲು ಹಿಡಿದು ನಿಂತಿದ್ದೆ, ಅದನ್ನೂ ಬರೆಯಬೇಕಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ದ್ವಿಚಕ್ರದವರು. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಿಂದ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಕೆಳಗಿಳಿಸಿದ್ದಾರೆ. ಆ ರಸ್ತೆಗೆ ಅದು ಸರಿ ಇರಬಹುದು. ಎಲ್ಲ ರಸ್ತೆಯಿಂದಲೂ ಬೈಕ್ ತೆಗೆಯಲು ಆಗುತ್ತದಾ? ಹಾಲು ಹಾಕುವವನು, ಗಾರ್ಮೆಂಟ್ಸಿಗೆ ಹೋಗುವವಳು, ನಿಮ್ಮ ಪತ್ರಿಕೆಯನ್ನು ಬೆಳಿಗ್ಗೆ ಐದಕ್ಕೆ ನಮ್ಮ ಮನೆಗೆ ಹಾಕುವ ಹುಡುಗ, ಎಲ್ಲರೂ ಎರಡು ಚಕ್ರದ ಮೇಲೇ ಬರುವುದು.

ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಈ ಸುದ್ದಿ ಬಂದಾಗ ನಿಮ್ಮ ವರದಿಗಾರರು ಪೊಲೀಸರನ್ನು ಇನ್ನೊಂದು ಪ್ರಶ್ನೆ ಕೇಳಲಿ: ಹಿಂದಿನ ಗಾಡಿ ಎಷ್ಟು ದೂರದಲ್ಲಿತ್ತು, ಬ್ರೇಕ್ ಹಾಕಿದ ಗುರುತು ರಸ್ತೆ ಮೇಲೆ ಎಲ್ಲಿಂದ ಶುರುವಾಗಿದೆ? ಉತ್ತರ ಸಿಕ್ಕರೆ ಅದನ್ನೂ ಗುಂಡಿಯ ಆಳದ ಪಕ್ಕದಲ್ಲೇ ಅಚ್ಚು ಹಾಕಿ.

ಹುಡುಗನ ವಿಷಯ ಹೇಳಲಿಲ್ಲ. ಮೊಣಕೈ ಮೂಳೆ ಮುರಿದಿತ್ತು, ಮೊಣಕಾಲು ಪೂರ್ತಿ ತರಚಿತ್ತು, ತಲೆಗೆ ಏನೂ ಆಗಿರಲಿಲ್ಲ. ಆಂಬುಲೆನ್ಸ್ ಹತ್ತುವಾಗ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇದೆ ಅಂಕಲ್, ನೋಡಿ ಅಂದ. ನೋಡಿದೆ. ಅದು ಮಾತ್ರ ಪುಡಿಪುಡಿ.

ಇತಿ,
ಒಬ್ಬ ಕಾರು ಚಾಲಕ, ತುಮಕೂರು